ಎದೆ ಮೇಲೆ ‘ಸಿ’, ಬೆನ್ನ ಮೇಲೆ 87: ಪೆಂಗ್ವಿನ್ಸ್ ಜೆರ್ಸಿ, 2017ರಿಂದ ಬಳಸಿದ ಮೇಲೆ

ಬಟ್ಟೆಗೆ ಐದಕ್ಕೆ ನಾಲ್ಕು. ಹೊಲಿಗೆಗೆ ಮೂರು. ಬೆನ್ನ ಮೇಲಿನ ಹೆಸರಿಗೆ ಐದಕ್ಕೆ ಐದು. ಆ ಕೊನೆಯ ಅಂಕ ಮಾತ್ರ ಜೆರ್ಸಿ ಮಾಡಿದವರಿಗಲ್ಲ, ನಮ್ಮೂರಿನ ಐಸ್ ಹಾಕಿ ತಂಡದ ನಾಯಕ, 87ನೇ ನಂಬರಿನ ಸಿಡ್ನಿ ಕ್ರಾಸ್ಬಿಗೆ.

2017ರ ಚಳಿಗಾಲದಲ್ಲಿ ತೆಗೆದುಕೊಂಡದ್ದು. ಆ ಜೂನ್‌ನಲ್ಲಿ ಪಿಟ್ಸ್‌ಬರ್ಗ್ ಪೆಂಗ್ವಿನ್ಸ್ ಸತತ ಎರಡನೇ ಸಲ ಸ್ಟ್ಯಾನ್ಲಿ ಕಪ್ (ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನ ಟ್ರೋಫಿ) ಗೆದ್ದಿತ್ತು, ಊರಲ್ಲಿ ಎಲ್ಲಿ ನೋಡಿದರೂ ಕಪ್ಪು-ಹಳದಿ. ಅಕ್ಷರ, ಅಂಕಿ, ನಾಯಕನ ‘ಸಿ’ ಎಲ್ಲವನ್ನೂ ಹೊಲಿದು ಕೊಡುವ ಮಾದರಿ ಇದು. ಆಗ ಬೆಲೆ 200 ಡಾಲರ್‌ಗಿಂತ ಜಾಸ್ತಿ ಇತ್ತು. ಬಿಸಿ ಒತ್ತಿ ಅಂಟಿಸಿದ್ದು ಇನ್ನೂ ಅಗ್ಗಕ್ಕೆ ಸಿಗುತ್ತದೆ. ಆದರೆ ನಾಲ್ಕು ಸಲ ಒಗೆಯುವಷ್ಟರಲ್ಲಿ ಅಂಚು ಏಳಲು ಶುರುವಾಗುತ್ತದೆ, ದುಡ್ಡು ಉಳಿಸಲು ಹೋಗಬೇಡಿ.

ಸೈಜ್ ವಿಷಯ ಮೊದಲೇ ಹೇಳಿಬಿಡುತ್ತೇನೆ. ಐಸ್ ಹಾಕಿ ಆಟಗಾರರು ಭುಜಕ್ಕೆ, ಎದೆಗೆ, ಮೊಣಕೈಗೆ ಪ್ಯಾಡ್ ಕಟ್ಟಿಕೊಂಡು ಅದರ ಮೇಲೆ ಜೆರ್ಸಿ ಹಾಕುತ್ತಾರೆ. ಅಂಗಡಿಯ ಜೆರ್ಸಿಯನ್ನೂ ಅದೇ ದೊಗಳೆ ಕಟ್ಟಿನಲ್ಲಿ ಹೊಲಿದಿರುತ್ತಾರೆ. ನಮ್ಮಂಥ ಮೈಕಟ್ಟಿನವರು ಒಂದು ಸೈಜ್ ಕಡಿಮೆ ತೆಗೆದುಕೊಂಡರೂ ಒಳಗೆ ದಪ್ಪ ಸ್ವೆಟರ್ ಹಿಡಿಸುತ್ತದೆ. ಪಿಟ್ಸ್‌ಬರ್ಗ್ ಜನವರಿಗೆ ಅದು ಬೇಕೇ ಬೇಕು.

ಒಳಗಡೆ, ಬೆನ್ನ ಕೆಳಭಾಗದಲ್ಲಿ ಒಂದು ಗಟ್ಟಿ ಪಟ್ಟಿ ಇರುತ್ತದೆ. ಮೊದಲ ಸಲ ನೋಡಿದವರಿಗೆ ಇದೇಕೆ ಅನ್ನಿಸುತ್ತದೆ. ಹೊಡೆದಾಟ ಶುರುವಾದಾಗ ಎದುರಾಳಿ ಜೆರ್ಸಿಯನ್ನು ತಲೆ ಮೇಲಿಂದ ಎಳೆದು ಕಣ್ಣು, ಕೈ ಕಟ್ಟಿಹಾಕಬಾರದು ಅಂತ ಅದನ್ನು ಪ್ಯಾಂಟ್‌ಗೆ ಬಿಗಿಯುತ್ತಾರೆ. ನಮಗೆ ಅದರಿಂದ ಕೆಲಸವಿಲ್ಲ, ಕಾರಲ್ಲಿ ಕೂತಾಗ ಸೊಂಟಕ್ಕೆ ಚುಚ್ಚುತ್ತದೆ ಅಷ್ಟೇ. ಆದರೂ ಕತ್ತರಿಸುವ ಮನಸ್ಸು ಬಂದಿಲ್ಲ.

ಒಗೆಯುವಾಗ ಒಳಮೈ ಹೊರಗೆ ತಿರುಗಿಸಿ, ತಣ್ಣೀರು ಬಳಸಿ, ನೆರಳಲ್ಲಿ ಒಣಗಿಸಿ. ಡ್ರೈಯರ್‌ಗೆ ಮಾತ್ರ ಹಾಕಬೇಡಿ, ಅಕ್ಷರಗಳ ಸುತ್ತ ಬಟ್ಟೆ ಸುಕ್ಕುಗಟ್ಟುತ್ತದೆ. (ಕ್ರಾಸ್ಬಿ ಹುಡುಗನಾಗಿದ್ದಾಗ ಕೆನಡಾದ ಕೋಲ್ ಹಾರ್ಬರ್‌ನ ಮನೆಯಲ್ಲಿ ಡ್ರೈಯರ್ ಕಡೆಗೇ ಪಕ್, ಅಂದರೆ ಆಟದ ರಬ್ಬರ್ ಬಿಲ್ಲೆ, ಹೊಡೆದು ಗುರಿ ಕಲಿತವನು. ಮೈತುಂಬ ತಗ್ಗು ಬಿದ್ದ ಆ ಡ್ರೈಯರನ್ನು ಹ್ಯಾಲಿಫ್ಯಾಕ್ಸ್‌ನ ಕ್ರೀಡಾ ಮ್ಯೂಸಿಯಂನಲ್ಲಿ ಇಟ್ಟಿದ್ದರು. ಡ್ರೈಯರ್‌ಗೆ ಇದಕ್ಕಿಂತ ಒಳ್ಳೆ ಉಪಯೋಗ ನನಗೆ ಗೊತ್ತಿಲ್ಲ.)

ಕಪ್ಪು ಬಣ್ಣ ಇನ್ನೂ ಮಾಸಿಲ್ಲ. ತೋಳಲ್ಲಿ ಅಲ್ಲಲ್ಲಿ ನೂಲು ಎದ್ದಿದೆ, ಬಳೆ, ಜಿಪ್ ಏನು ತಾಗಿದರೂ ಎಳೆದುಕೊಳ್ಳುತ್ತದೆ. ದೊಡ್ಡ ದೂರು ‘ಸಿ’ ಬಗ್ಗೆ. ಅದರ ಒಂದು ಮೂಲೆಯ ದಾರ ಬಿಚ್ಚಿಕೊಂಡಿತು. ಮಾರಿದವರಿಗೆ ಬರೆದರೆ ವಾರಂಟಿ ಮುಗಿದಿದೆ ಅಂದರು. ರಜೆಗೆ ಬೆಂಗಳೂರಿಗೆ ಬಂದಾಗ ಜಯನಗರದ ಒಬ್ಬ ಟೈಲರ್ ಹತ್ತು ನಿಮಿಷದಲ್ಲಿ ಹೊಲಿದುಕೊಟ್ಟರು. ಆ ಮೂಲೆ ಈಗ ಉಳಿದ ಮೂಲೆಗಳಿಗಿಂತ ಗಟ್ಟಿ.

ಇನ್ನು ಹೆಸರಿನ ಮಾತು. ಎನ್‌ಎಚ್‌ಎಲ್ ಜೆರ್ಸಿಯಲ್ಲಿ ನಿಜವಾದ ರಿಸ್ಕ್ ಬಟ್ಟೆಯದ್ದಲ್ಲ, ಅದರ ಮೇಲೆ ಬರೆಸಿದ ಆಟಗಾರನದ್ದು. ಬಾಸ್ಟನ್ ಅಭಿಮಾನಿಗಳನ್ನೇ ನೋಡಿ. ಬ್ರಾಡ್ ಮಾರ್ಷಂಡ್ 2023ರ ಸೆಪ್ಟೆಂಬರ್‌ನಲ್ಲಿ ನಾಯಕನಾದ. ‘ಸಿ’ ಇರುವ ಜೆರ್ಸಿ ಕೊಂಡವರು ಎರಡು ಸೀಸನ್ ಕೂಡ ಪೂರ್ತಿ ಹಾಕಿಕೊಳ್ಳಲಿಲ್ಲ. 2025ರ ಮಾರ್ಚ್‌ನಲ್ಲಿ ಅವನು ಫ್ಲೋರಿಡಾಕ್ಕೆ ಹೋದ, ಜೂನ್‌ನಲ್ಲಿ ಅಲ್ಲೇ ಕಪ್ ಎತ್ತಿದ. ಮಿಕ್ಕೊ ರಾಂಟನೆನ್ ಒಂದೇ ಸೀಸನ್‌ನಲ್ಲಿ ಕೊಲೊರಾಡೊ, ಕ್ಯಾರೊಲೈನಾ, ಡಲ್ಲಾಸ್ ಅಂತ ಮೂರು ತಂಡ ನೋಡಿದ. ನಮ್ಮಲ್ಲೂ ಅಷ್ಟೇ, ಜೇಕ್ ಗೆಂಟ್ಸೆಲ್‌ನನ್ನು 2024ರಲ್ಲಿ ಬೇರೆ ತಂಡಕ್ಕೆ ಕೊಟ್ಟುಬಿಟ್ಟರು. ಗೋಲ್‌ಕೀಪರ್ ಫ್ಲೂರಿಯ 29 ಇದ್ದ ನನ್ನ ಸಹೋದ್ಯೋಗಿಯ ಜೆರ್ಸಿ, 2017ರಲ್ಲಿ ಫ್ಲೂರಿ ವೇಗಸ್ ತಂಡಕ್ಕೆ ಹೋದಾಗಿನಿಂದ ಬೀರು ಸೇರಿತ್ತು. 2025ರ ಸೆಪ್ಟೆಂಬರ್‌ನಲ್ಲಿ ವಿದಾಯಕ್ಕೆಂದು ಒಂದು ಪ್ರೀ-ಸೀಸನ್ ಪಂದ್ಯದ ಕೊನೆಯಲ್ಲಿ ಫ್ಲೂರಿ ಪೆಂಗ್ವಿನ್ಸ್ ಪರ ಗೋಲ್ ಮುಂದೆ ನಿಂತ. ಅವತ್ತು ಜೆರ್ಸಿ ಹೊರಗೆ ಬಂತು. ನ್ಯಾಫ್ತಲಿನ್ ವಾಸನೆ ಸಮೇತ.

ನನ್ನದಕ್ಕೆ ಆ ಗತಿ ಬಂದಿಲ್ಲ. ಕ್ರಾಸ್ಬಿ ನಾಯಕನಾಗಿದ್ದು 2007ರ ಮೇ 31ರಂದು, ಆಗ ಅವನಿಗೆ 19 ವರ್ಷ. 2009, 2016, 2017ರಲ್ಲಿ ಮೂರು ಕಪ್. 2010ರಲ್ಲಿ ವ್ಯಾಂಕೂವರ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಕೆನಡಾ ಪರ ಅಮೆರಿಕದ ವಿರುದ್ಧ ಓವರ್‌ಟೈಮ್ ಗೋಲು. (ಇಲ್ಲಿನ ಜನ ಅದನ್ನು ಮರೆತವರ ಹಾಗೆ ನಟಿಸುತ್ತಾರೆ.) ನನಗೆ ಇವೆಲ್ಲಕ್ಕಿಂತ ಹೆಚ್ಚು ಅನ್ನಿಸುವುದು ಕಪ್ ಬಾರದ ವರ್ಷಗಳು. 2023, 2024, 2025ರಲ್ಲಿ ತಂಡ ಪ್ಲೇಆಫ್ ಮುಟ್ಟಲೇ ಇಲ್ಲ. ಆದರೂ 2024-25ರಲ್ಲಿ 37ನೇ ವಯಸ್ಸಿಗೆ 80 ಪಂದ್ಯದಲ್ಲಿ 91 ಪಾಯಿಂಟ್ (ಹೊಡೆದ ಗೋಲು, ಗೋಲಿಗೆ ಕೊಟ್ಟ ಪಾಸ್ ಸೇರಿಸಿದ ಲೆಕ್ಕ). ಪಂದ್ಯಕ್ಕೆ ಸರಾಸರಿ ಒಂದು ಪಾಯಿಂಟ್ ಅಥವಾ ಹೆಚ್ಚು ಅನ್ನುವ ಲೆಕ್ಕದಲ್ಲಿ ಇದು ಅವನ 20ನೇ ಸೀಸನ್, ಹಳೆಯ ದಿಗ್ಗಜ ಗ್ರೆಟ್ಸ್ಕಿಯ 19 ಹಿಂದೆ ಬಿತ್ತು. ಒಪ್ಪಂದ ಮುಂದುವರಿಸಿದಾಗಲೂ ವರ್ಷಕ್ಕೆ ಅದೇ 87 ಲಕ್ಷ ಡಾಲರ್. ಇನ್ನೂ ಜಾಸ್ತಿ ಕೇಳಿದ್ದರೆ ಯಾರು ಬೇಡ ಅನ್ನುತ್ತಿದ್ದರು?

2025ರ ಅಕ್ಟೋಬರ್ ಮೊದಲ ವಾರವೇ ಜೆರ್ಸಿ ಮೈಮೇಲೆ ಬಂತು. 7ನೇ ತಾರೀಕು ನ್ಯೂಯಾರ್ಕ್‌ನಲ್ಲಿ ರೇಂಜರ್ಸ್ ವಿರುದ್ಧ 3-0. ಎದುರು ಬೆಂಚಿನ ಹಿಂದೆ ನಿಂತಿದ್ದವರು ಮೈಕ್ ಸಲಿವನ್, ನಮಗೆ ಎರಡು ಕಪ್ ಗೆದ್ದುಕೊಟ್ಟ ಕೋಚ್. ನಾಲ್ಕೇ ದಿನಕ್ಕೆ ಅದೇ ರೇಂಜರ್ಸ್ ಇಲ್ಲಿಗೆ ಬಂದು 6-1ರಲ್ಲಿ ಬಾರಿಸಿ ಹೋದರು. ಆಗ ತಂಡದ ಭವಿಷ್ಯ ಯಾರಿಗೂ ಗೊತ್ತಿರಲಿಲ್ಲ, ಕ್ರಾಸ್ಬಿಯನ್ನು ಬೇರೆ ತಂಡಕ್ಕೆ ಕೊಡುತ್ತಾರೆ ಅನ್ನುವ ಗಾಳಿಸುದ್ದಿ ನಿಂತೇ ಇರಲಿಲ್ಲ. ಪೆನ್ ಹಿಲ್ಸ್ ವೆಂಕಟೇಶ್ವರ ದೇವಸ್ಥಾನದ ಪಾರ್ಕಿಂಗ್‌ನಲ್ಲೂ ಅದೇ ಮಾತು. ಬೆನ್ನ ಮೇಲಿನ 87 ನೋಡಿದರೆ ಸಾಕು, ಗುರುತಿಲ್ಲದವರೂ ‘ಹೋಗ್ತಾನಾ ಸರ್?’ ಅಂತ ಶುರು ಮಾಡುತ್ತಿದ್ದರು.

ಈಗ ಕೊಳ್ಳಬಹುದಾ ಅಂತ ಕೇಳಿದರೆ, ಕೊಳ್ಳಿ. ಲಾಸ್ ಏಂಜಲೀಸ್‌ನ ಕೊಪಿಟಾರ್ 2025-26 ತನ್ನ ಕೊನೆ ಸೀಸನ್ ಅಂದಿದ್ದ. ವಾಷಿಂಗ್ಟನ್‌ನ ಒವೆಚ್ಕಿನ್‌ಗೂ ಅದು ಒಪ್ಪಂದದ ಕೊನೇ ವರ್ಷವಾಗಿತ್ತು. ಕ್ರಾಸ್ಬಿಯದು 2027ರವರೆಗೆ ಇದೆ. ನಡುವೆ ಏನೇ ಆದರೂ ಈ ಊರಲ್ಲಿ 87 ಹಳತಾಗುವುದಿಲ್ಲ.

ಮಗಳಿಗೆ ಮಾತ್ರ ಅಪ್ಪನ ನಂಬರ್ ಬೇಡವಂತೆ, ಬೆನ್ ಕಿಂಡೆಲ್‌ದು ಬೇಕಂತೆ. ಕ್ರಾಸ್ಬಿ ನಾಯಕನಾದ ವರ್ಷ ಹುಟ್ಟಿದ ಹುಡುಗ, 2025ರ ಅಕ್ಟೋಬರ್‌ನಲ್ಲಿ ತಂಡಕ್ಕೆ ಬಂದ. ಹತ್ತನೇ ಪಂದ್ಯ ಆಡುವ ಮೊದಲು ಜೂನಿಯರ್ ತಂಡಕ್ಕೆ ವಾಪಸ್ ಕಳಿಸಿದ್ದರೆ ಅವನ ಒಪ್ಪಂದ ಒಂದು ವರ್ಷ ಮುಂದಕ್ಕೆ ಹೋಗುತ್ತಿತ್ತು, ಹಾಗಾಗಿ ಕ್ಲಬ್‌ಗಳು ಅಲ್ಲೇ ತೂಗಿ ನೋಡುತ್ತವೆ. ಹತ್ತನೇದು ಆಡಲಿ ಪುಟ್ಟಿ, ಆಮೇಲೆ ಆರ್ಡರ್ ಮಾಡೋಣ ಅಂದಿದ್ದೆ.