ಕ್ಲಿಕ್ ಅಂದಿತು, ಆದರೂ ಬೋಲ್ಟ್ ಸಡಿಲವಾಯಿತು: ಟಾರ್ಕ್ ರೆಂಚ್ ಜೊತೆ ಹದಿನಾಲ್ಕು ತಿಂಗಳು

ಈ ರೆಂಚ್‌ಗೆ ನಾನು ಮೊದಲು ಕೊಟ್ಟಿದ್ದು ಎರಡು ಸ್ಟಾರ್. ಈಗ ನಾಲ್ಕು ಮಾಡುತ್ತಿದ್ದೇನೆ. ರೆಂಚ್ ಅದೇ, ಬೋಲ್ಟ್ ಬಿಗಿಯುವ ಕೈಯೂ ಅದೇ. ತಪ್ಪು ನನ್ನ ಡ್ರಾಯಿಂಗ್‌ನಲ್ಲಿತ್ತು ಅಂತ ಗೊತ್ತಾಗೋಕೆ ಇಷ್ಟು ದಿನ ಬೇಕಾಯಿತು, ಅಷ್ಟೇ.

ಮೊದಲು ಸಾಮಾನಿನ ಬಗ್ಗೆ. ಅರ್ಧ ಇಂಚಿನ ಡ್ರೈವ್, ಕ್ಲಿಕ್ ಮಾದರಿ, 20ರಿಂದ 200 ನ್ಯೂಟನ್ ಮೀಟರ್ ವರೆಗೆ. ಹಿಡಿಯ ತುದಿ ತಿರುಗಿಸಿ ಬೇಕಾದ ಟಾರ್ಕ್, ಅಂದರೆ ಬೋಲ್ಟ್ ತಿರುಗಿಸೋಕೆ ಹಾಕುವ ಬಲದ ಅಳತೆ, ಇಡಬೇಕು. ಒಳಗಿನ ಸ್ಪ್ರಿಂಗ್ ಅಷ್ಟಕ್ಕೆ ಒತ್ತಿಕೊಳ್ಳುತ್ತದೆ. ಎಳೆಯುವಾಗ ಆ ಟಾರ್ಕ್ ಬಂತು ಅಂದರೆ ಟಕ್ ಅಂತ ಕೈಗೆ ತಿಳಿಯುತ್ತದೆ. ಜೊತೆಗೆ ಬಂದ ಸರ್ಟಿಫಿಕೇಟ್‌ನಲ್ಲಿ ಪ್ಲಸ್ ಆರ್ ಮೈನಸ್ 4 ಶೇಕಡ ಅಂತಿತ್ತು. ವರ್ಷ ತುಂಬಿದಾಗ ಕ್ಯಾಲಿಬ್ರೇಷನ್‌ಗೆ ಕಳಿಸಿದೆ. 100ರ ಹತ್ತಿರ 3 ಶೇಕಡ ಮಾತ್ರ ವ್ಯತ್ಯಾಸ ಬಂತು. ಅಂದರೆ ರೆಂಚ್ ಹೇಳಿದ ಮಾತಿಗೆ ತಪ್ಪಿಲ್ಲ.

ಹಾಗಾದರೆ ಎರಡು ಸ್ಟಾರ್ ಯಾಕೆ ಕೊಟ್ಟಿದ್ದೆ?

ನಾನು ಒಂದು ಮೋಟಾರಿಗೆ ಬ್ರಾಕೆಟ್ ಡಿಸೈನ್ ಮಾಡಿದ್ದೆ. ನಾಲ್ಕು ಎಂ12 (12 ಮಿಲಿಮೀಟರ್ ದಪ್ಪದ) ಬೋಲ್ಟ್, ಗಟ್ಟಿತನದಲ್ಲಿ 8.8 ಗ್ರೇಡ್. ಲೆಕ್ಕ ಸುಲಭ. ಆ ಬೋಲ್ಟ್‌ನ ಎಳೆತ ಹೊರುವ ಅಡ್ಡಕೊಯ್ತ 84.3 ಚದರ ಮಿಲಿಮೀಟರ್. ಪ್ರೂಫ್ ಮಿತಿ, ಅಂದರೆ ಶಾಶ್ವತವಾಗಿ ಹಿಗ್ಗದೆ ಬೋಲ್ಟ್ ತಡೆಯುವ ಎಳೆತ, 580 ಮೆಗಾಪಾಸ್ಕಲ್. ಅದರ ಮುಕ್ಕಾಲು ಭಾಗ ಹಿಡಿದರೆ 36.7 ಕಿಲೋನ್ಯೂಟನ್ ಬಿಗಿತ. ಉಜ್ಜಾಟವನ್ನು ಲೆಕ್ಕಕ್ಕೆ ತರುವ ನಟ್ ಫ್ಯಾಕ್ಟರ್ 0.2 ಅಂದುಕೊಂಡರೆ 88 ನ್ಯೂಟನ್ ಮೀಟರ್. ಡ್ರಾಯಿಂಗ್‌ನಲ್ಲಿ 88 ಅಂತ ಬರೆದೆ, ಮರೆತೆ. ಹೊಸ ರೆಂಚ್‌ನಲ್ಲಿ 88 ಇಟ್ಟು ನಾಲ್ಕೂ ಬೋಲ್ಟ್ ಬಿಗಿದೆವು. ಎರಡನೇ ವಾರಕ್ಕೆ ಮೋಟಾರ್ ಗಡಗಡ ಅನ್ನುತ್ತಿತ್ತು. ಎರಡು ಬೋಲ್ಟ್ ಬೆರಳಲ್ಲೇ ತಿರುಗುತ್ತಿದ್ದವು. ಸಿಟ್ಟಲ್ಲಿ ರೆಂಚ್ ಸರಿಯಿಲ್ಲ ಅಂತ ಬರೆದುಬಿಟ್ಟೆ.

ನಮ್ಮ ಹಿರಿಯ ಫಿಟ್ಟರ್ ಬ್ರಾಕೆಟ್ ಬಿಚ್ಚಿ ನೋಡಿ, "ಸಾರ್, ಇದು ಬಣ್ಣದ ಮೇಲೆ ಕೂತಿತ್ತಲ್ಲ" ಅಂದರು. ಒಂದೇ ಮಾತು. ಅಲ್ಲಿಂದ ನನಗೆ ಒಂದೊಂದೇ ಬಿಚ್ಚಿಕೊಳ್ಳುತ್ತಾ ಹೋಯಿತು.

ಟಾರ್ಕ್ ರೆಂಚ್ ಅಳೆಯೋದು ತಿರುಗಿಸುವ ಶ್ರಮವನ್ನ. ಬೋಲ್ಟ್ ಎಷ್ಟು ಗಟ್ಟಿಯಾಗಿ ಹಿಡಿದಿದೆ ಅನ್ನೋದು ಅದಕ್ಕೆ ಕಾಣೋದಿಲ್ಲ. ನಾವು ಹಾಕುವ ಟಾರ್ಕ್‌ನಲ್ಲಿ ಸರಿಸುಮಾರು ಅರ್ಧ, ಬೋಲ್ಟ್ ತಲೆಯ ಕೆಳಗಿನ ಉಜ್ಜಾಟಕ್ಕೇ ಹೋಗುತ್ತದೆ. ಇನ್ನೊಂದು 40 ಶೇಕಡ ಥ್ರೆಡ್‌ನ ಉಜ್ಜಾಟಕ್ಕೆ. ಬೋಲ್ಟನ್ನು ಎಳೆದು ಬಿಗಿ ಮಾಡೋಕೆ ಉಳಿಯೋದು 10 ಶೇಕಡ ಅಷ್ಟೇ. ಉಜ್ಜಾಟ ಚೂರು ಬದಲಾದರೂ ಏಟು ಬೀಳೋದು ಈ ಹತ್ತಕ್ಕೇ. ಅದಕ್ಕೇ ರೆಂಚ್ 4 ಶೇಕಡದೊಳಗೆ ಸರಿಯಿದ್ದರೂ ಬಿಗಿತ 25 ಶೇಕಡ ಆಚೀಚೆ ಆಗೋದು ಮಾಮೂಲು.

ಎಣ್ಣೆಯ ವಿಷಯವಂತೂ ಕೇಳಲೇಬೇಡಿ. ನನ್ನ 88 ಒಣ ಬೋಲ್ಟಿನ ಲೆಕ್ಕ. ಯಾರಾದರೂ ಒಳ್ಳೆಯ ಮನಸ್ಸಿನಿಂದ ಥ್ರೆಡ್‌ಗೆ ಎಣ್ಣೆ ಹಚ್ಚಿದರು ಅಂದುಕೊಳ್ಳಿ. ನಟ್ ಫ್ಯಾಕ್ಟರ್ 0.15ಕ್ಕೆ ಇಳಿಯಿತು ಅಂದರೆ ಅದೇ 88ಕ್ಕೆ ಬಿಗಿತ ಸುಮಾರು 49 ಕಿಲೋನ್ಯೂಟನ್. ಅದು ಸರಿಯಾಗಿ ಪ್ರೂಫ್ ಮಿತಿಯ ಮೇಲೇ ಕೂರುತ್ತದೆ. ಇನ್ನೂ ಜಾರುವ ಮಾಲಿಬ್ಡಿನಮ್ ಪೇಸ್ಟ್ ಹಚ್ಚಿದರೆ ಬೋಲ್ಟ್ ಹಿಗ್ಗಿ ಹಾಳಾಗಬಹುದು. ಕ್ಲಿಕ್ ಮಾತ್ರ ಎಲ್ಲದಕ್ಕೂ ಒಂದೇ ಥರ ಕೇಳಿಸುತ್ತದೆ!

ಇನ್ನು ಬಣ್ಣ. ನನ್ನ ಬ್ರಾಕೆಟ್ ಮತ್ತು ವಾಷರ್ ಸೇರಿ ದಪ್ಪ 15 ಮಿಲಿಮೀಟರ್, ಕೆಳಗೆ ಥ್ರೆಡ್ ಹಾಕಿದ ಬೇಸ್. 36.7 ಕಿಲೋನ್ಯೂಟನ್‌ಗೆ ಅಷ್ಟು ಚಿಕ್ಕ ಬೋಲ್ಟ್ ಹಿಗ್ಗೋದು ಸುಮಾರು 32 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್). ಬ್ರಾಕೆಟ್ ಮೇಲೆ ಇದ್ದ ಪೌಡರ್ ಕೋಟಿಂಗ್ 80 ಮೈಕ್ರಾನ್! ಬೋಲ್ಟ್ ತಲೆಯ ಒತ್ತಡಕ್ಕೆ ಆ ಬಣ್ಣ ನಿಧಾನವಾಗಿ ಹಿಂಡಿಕೊಂಡು ತೆಳುವಾಗುತ್ತದೆ. ಬರೀ 10 ಮೈಕ್ರಾನ್ ಇಳಿದರೂ ಬಿಗಿತದಲ್ಲಿ ದೊಡ್ಡ ಪಾಲು ಹೋಯಿತು ಅಂತಲೇ ಲೆಕ್ಕ. ರಬ್ಬರ್ ಬ್ಯಾಂಡ್ ನೆನಪು ಮಾಡಿಕೊಳ್ಳಿ. ಉದ್ದದ ಬ್ಯಾಂಡ್ ಎಳೆದು ಕಟ್ಟಿದರೆ ಒಂದು ಚೂರು ಜಾರಿದರೂ ಬಿಗಿ ಉಳಿಯುತ್ತದೆ. ತುಂಡು ಬ್ಯಾಂಡ್ ಆದರೆ ಅಷ್ಟಕ್ಕೇ ಸಡಿಲ.

ಸರಿ ಮಾಡಿದ್ದು ಹೀಗೆ. ಬೋಲ್ಟ್ ಕೂರುವ ಜಾಗ, ಬೇಸ್‌ಗೆ ತಾಗುವ ಮುಖ, ಎರಡಕ್ಕೂ ಕೋಟಿಂಗ್ ಬೀಳದ ಹಾಗೆ ಮಾಸ್ಕ್ ಮಾಡಿಸಿದೆ. ಬೋಲ್ಟ್ ತಲೆಯ ಕೆಳಗೆ 45 ಮಿಲಿಮೀಟರ್ ಉದ್ದದ ದಪ್ಪ ಉಕ್ಕಿನ ಬುಷ್ (ಕೊಳವೆಯಂಥ ತುಂಡು) ಹಾಕಿ ಉದ್ದದ ಬೋಲ್ಟ್ ಕೊಟ್ಟೆ. ಈಗ ಅದು ಹಿಗ್ಗೋದು 120 ಮೈಕ್ರಾನ್‌ಗಿಂತ ಜಾಸ್ತಿ. ಅದಾದ ಮೇಲೆ ಆ ಮೋಟಾರಿನ ಬೋಲ್ಟ್ ಒಂದೂ ಜಗ್ಗಿಲ್ಲ.

ಸ್ಪ್ರಿಂಗ್ ವಾಷರ್ ಹಾಕಬಹುದಿತ್ತಲ್ಲ ಅಂತ ಕೇಳುವವರಿಗೆ: ಮೊದಲ ಸಲ ಹಾಕಿದ್ದೆ. ಪೂರ್ತಿ ಬಿಗಿದ ಮೇಲೆ ಅದು ಚಪ್ಪಟೆಯಾಗಿ ಸುಮ್ನೆ ಕೂರುತ್ತದೆ. ಬೋಲ್ಟ್ ತಾನಾಗೇ ಬಿಚ್ಚಿಕೊಳ್ಳೋಕೆ ಮುಖ್ಯ ಕಾರಣ ಜೋಡಿಸಿದ ಭಾಗಗಳು ಅಡ್ಡಡ್ಡ ಜಾರೋದು. ಜರ್ಮನ್ ಇಂಜಿನಿಯರ್ ಗೆರ್ಹಾರ್ಡ್ ಯುಂಕರ್ 1969ರಲ್ಲೇ ಇದನ್ನು ಪ್ರಯೋಗ ಮಾಡಿ ತೋರಿಸಿದ್ದಾರೆ. ಜಾರದ ಹಾಗೆ ಹಿಡಿಯೋಕೆ ಬಿಗಿತವೇ ಬೇಕು.

ಇನ್ನೊಂದು ಮುಜುಗರದ ವಿಷಯ. ಒಂದು ಬೋಲ್ಟನ್ನು ನಾನು ಗೋಡೆಯ ಪ್ಲೇಟಿಗೆ ಎಷ್ಟು ಹತ್ತಿರ ಇಟ್ಟಿದ್ದೆ ಅಂದರೆ ಸಾಕೆಟ್ ಒಳಗೆ ಹೋಗುತ್ತಲೇ ಇರಲಿಲ್ಲ. ಸ್ಕ್ರೀನ್ ಮೇಲೆ ಎಲ್ಲ ಚೆಂದ ಕಾಣುತ್ತದೆ, ಅಲ್ವಾ? ರೆಂಚ್ ತುದಿಗೆ ಕ್ರೋಫುಟ್, ಅಂದರೆ ಬೋಲ್ಟನ್ನು ಪಕ್ಕದಿಂದ ಹಿಡಿಯುವ ಚಪ್ಪಟೆ ಸ್ಪ್ಯಾನರ್ ತಲೆ, ಸಿಕ್ಕಿಸಿ ಬಿಗಿಯಬೇಕಾಯಿತು. ಅದನ್ನು ನೇರ ಮುಂದಕ್ಕೆ ಸಿಕ್ಕಿಸಿದರೆ ಲೆಕ್ಕ ಬದಲಾಗುತ್ತದೆ. ಹಿಡಿಯ ನಡುವಿನಿಂದ ಡ್ರೈವ್‌ಗೆ 420 ಮಿಲಿಮೀಟರ್, ಕ್ರೋಫುಟ್‌ನಿಂದ 50 ಸೇರಿದರೆ, 88 ಬೇಕಾದರೆ 79ಕ್ಕೆ ಇಡಬೇಕು. ಅಡ್ಡಕ್ಕೆ, ಲಂಬಕೋನದಲ್ಲಿ ಸಿಕ್ಕಿಸಿದರೆ ಹೆಚ್ಚುಕಮ್ಮಿ ಅದೇ 88 ಸಾಕು. ಈಗ ಡ್ರಾಯಿಂಗ್ ಬಿಡುವ ಮುಂಚೆ ಪ್ರತಿ ಬೋಲ್ಟ್ ಮೇಲೂ ಸಾಕೆಟ್‌ನ ಅಳತೆಯ ಒಂದು ಸಿಲಿಂಡರ್ ಕೂರಿಸಿ, ರೆಂಚ್ ಹಿಡಿ ಆಡುವಷ್ಟು ಜಾಗ ಇದೆಯಾ ಅಂತ ನೋಡುತ್ತೇನೆ.

ಈಗ ರೆಂಚ್ ಮೇಲಿನ ನಿಜವಾದ ದೂರು. ಗೆರೆಗಳು ತೀರಾ ತೆಳು, ಟಾರ್ಚ್ ಇಲ್ಲದೆ ಓದೋಕೆ ಆಗೋದಿಲ್ಲ. ಅದಕ್ಕಿಂತ ಕೆಟ್ಟದ್ದು, ಫುಟ್ ಪೌಂಡ್ ಮತ್ತು ನ್ಯೂಟನ್ ಮೀಟರ್ ಎರಡೂ ಅಕ್ಕಪಕ್ಕ ಕೊಟ್ಟಿದ್ದಾರೆ. ಒಂದು ಸಲ ತಪ್ಪು ಸಾಲು ನೋಡಿ 88 ಇಟ್ಟು ಬಿಗಿದೆವು. ಅದು 119 ನ್ಯೂಟನ್ ಮೀಟರ್! ಆ ಬೋಲ್ಟ್‌ಗಳನ್ನೆಲ್ಲ ಎಸೆಯಬೇಕಾಯಿತು. ಈಗ ಫುಟ್ ಪೌಂಡ್ ಸಾಲಿನ ಮೇಲೆ ಟೇಪ್ ಅಂಟಿಸಿದ್ದೇನೆ. ಲಾಕ್ ರಿಂಗ್ ಕೈಯಲ್ಲಿ ಎಣ್ಣೆಯಿದ್ದರೆ ಜಾರುತ್ತದೆ. 40ರ ಕೆಳಗೆ ಕ್ಲಿಕ್ ಎಷ್ಟು ಮೆಲ್ಲಗೆ ಅಂದರೆ, ಮಷೀನ್ ಸದ್ದಿನಲ್ಲಿ ಗೊತ್ತಾಗದೆ ಎಳೆಯುತ್ತಲೇ ಹೋಗುತ್ತೀರಿ. ಚಿಕ್ಕ ಬೋಲ್ಟ್‌ಗಳಿಗೆ ಚಿಕ್ಕ ರೆಂಚ್ ಬೇರೆ ಕೊಳ್ಳಿ.

ಬಳಸುವವರಿಗೆ ಒಂದೆರಡು ಮಾತು. ಕ್ಲಿಕ್ ಬಂದ ಮೇಲೆ "ಇನ್ನೊಂದು ಇರಲಿ" ಅಂತ ಜಗ್ಗಬೇಡಿ, ಅದೂ ಟಾರ್ಕೇ. ತುಕ್ಕು ಹಿಡಿದ ಬೋಲ್ಟ್ ಬಿಚ್ಚೋಕೆ ಇದನ್ನು ಕೊಡಲೇಬೇಡಿ. ಕೆಲಸ ಮುಗಿದ ಮೇಲೆ 20ಕ್ಕೆ ಇಳಿಸಿ ಇಡಿ, ಅದಕ್ಕಿಂತ ಕೆಳಗೆ ಬೇಡ. ವರ್ಷಕ್ಕೊಮ್ಮೆ ಅಥವಾ 5000 ಸಲ ಬಳಸಿದ ಮೇಲೆ, ಯಾವುದು ಮೊದಲೋ ಆಗ, ಕ್ಯಾಲಿಬ್ರೇಷನ್ ಮಾಡಿಸಿ.

ಉಳಿದ ಒಂದು ಸ್ಟಾರ್ ಆ ಎರಡು ಸಾಲಿನ ಗೆರೆಗಳಿಗೆ ಕಡಿದಿದ್ದು. ನನ್ನ ಡ್ರಾಯಿಂಗ್‌ನಲ್ಲಿ ಈಗ 88ರ ಮುಂದೆ ಇನ್ನೂ ಎರಡು ಮಾತು ಇರುತ್ತವೆ: ಎಣ್ಣೆ ಬೇಡ, ತಲೆಯ ಕೆಳಗೆ ಬಣ್ಣ ಬೇಡ. ಫಿಟ್ಟರ್ ಅದನ್ನು ಓದಿ ನಕ್ಕು, "ನ್ಯೂಟನ್ ಮೀಟರ್ ಅಂತಾನೂ ಬರೀರಿ ಸಾರ್" ಅಂದರು. ಬರೆದೆ.