ಔಟ್‌ಲಾಸ್ಟ್, ಅಮ್ನೀಷಿಯಾ, ಏಲಿಯನ್ ಐಸೊಲೇಷನ್: ನಿಜಕ್ಕೂ ಹೆದರಿಸುವ ಆಟ ಯಾವುದು?

ಹಾರರ್ ವಿಡಿಯೊ ಗೇಮ್‌ಗಳ ಮಾತು ಬಂದಾಗಲೆಲ್ಲ ಈ ಮೂರು ಹೆಸರುಗಳು ಒಟ್ಟಿಗೇ ಕೇಳಿಬರುತ್ತವೆ. ಮೂರರಲ್ಲೂ ಆಟಗಾರನ ಮುಖ್ಯ ಕೆಲಸ ಕಾದಾಡುವುದಲ್ಲ, ಅಡಗಿಕೊಳ್ಳುವುದು. ಆದರೆ ದೀಪ ಆರಿಸಿ, ಹೆಡ್‌ಫೋನ್ ಹಾಕಿಕೊಂಡು ಮೂರನ್ನೂ ಕೊನೆಯವರೆಗೆ ಆಡಿದ ನನಗೆ ಅವು ಒಂದೇ ಜಾತಿಯ ಆಟಗಳೆಂದು ಅನ್ನಿಸಲಿಲ್ಲ. ಒಂದೊಂದೂ ಹೆದರಿಸುವ ರೀತಿ ಬೇರೆ, ಆ ಹೆದರಿಕೆ ಎಷ್ಟು ಹೊತ್ತು ಬಾಳುತ್ತದೆ ಎನ್ನುವುದೂ ಬೇರೆ.

2013ರ ಔಟ್‌ಲಾಸ್ಟ್ ಎಲ್ಲಕ್ಕಿಂತ ಬೇಗ ಹಿಡಿದುಕೊಳ್ಳುತ್ತದೆ. ಹಾಳುಬಿದ್ದ ಮಾನಸಿಕ ಆಸ್ಪತ್ರೆಯೊಳಗೆ ಹೊಕ್ಕ ಪತ್ರಕರ್ತನ ಕೈಯಲ್ಲಿ ಕ್ಯಾಮ್‌ಕಾರ್ಡರ್ ಬಿಟ್ಟರೆ ಬೇರೇನೂ ಇಲ್ಲ. ಕತ್ತಲಲ್ಲಿ ದಾರಿ ಕಾಣಬೇಕಾದರೆ ಅದರ ನೈಟ್ ವಿಷನ್ ಬೇಕು, ಅದಕ್ಕೆ ಬ್ಯಾಟರಿ ಬೇಕು. ಮೊದಲ ಒಂದೆರಡು ಗಂಟೆ ನಾನು ನಿಜಕ್ಕೂ ಹೆದರಿದೆ. ಆಮೇಲೆ ಓಟದ ಸನ್ನಿವೇಶಗಳು ಒಂದಾದ ಮೇಲೊಂದು ಬರತೊಡಗಿದವು. ಒಮ್ಮೆ ಸತ್ತು ಮತ್ತೆ ಅಲ್ಲಿಂದಲೇ ಶುರುಮಾಡಿದರೆ, ಅಟ್ಟಿಸಿಕೊಂಡು ಬರುವವನು ಎಲ್ಲಿಂದ ಬರುತ್ತಾನೆ, ಯಾವ ಬಾಗಿಲು ತೆರೆದುಕೊಳ್ಳುತ್ತದೆ ಎಂಬುದೆಲ್ಲ ಬಾಯಿಪಾಠವಾಗಿಬಿಡುತ್ತದೆ. ಅಲ್ಲಿಂದ ಮುಂದೆ ಉಳಿಯುವುದು ಕಿರಿಕಿರಿಯೇ ಹೊರತು ಭಯವಲ್ಲ. ಜಂಪ್‌ಸ್ಕೇರ್‌ಗಳೂ (ದಿಢೀರನೆ ಎದುರಿಗೆ ಬಂದು ಹೆದರಿಸುವ ದೃಶ್ಯಗಳೂ) ಅಷ್ಟೆ: ಬೆಚ್ಚಿಬೀಳಿಸುತ್ತವೆ, ಮರುಕ್ಷಣ ಮುಗಿದುಹೋಗುತ್ತವೆ.

ಸ್ವೀಡನ್ನಿನ ಫ್ರಿಕ್ಷನಲ್ ಗೇಮ್ಸ್ 2010ರಲ್ಲಿ ತಂದ ಅಮ್ನೀಷಿಯಾ: ದ ಡಾರ್ಕ್ ಡಿಸೆಂಟ್ ಮೂರರಲ್ಲಿ ಹಳೆಯದು, ನೋಟಕ್ಕೂ ಸಾಧಾರಣ. ಹಾಗಿದ್ದೂ ಅದು ಔಟ್‌ಲಾಸ್ಟ್‌ಗಿಂತ ಆಳಕ್ಕೆ ಇಳಿಯುತ್ತದೆ. ಕತ್ತಲಲ್ಲಿ ನಿಂತರೆ ಪಾತ್ರದ ಮಾನಸಿಕ ಸ್ಥಿಮಿತ ಕುಸಿಯುತ್ತದೆ. ಬೆಳಕಿಗೆ ಬಂದರೆ ರಾಕ್ಷಸನ ಕಣ್ಣಿಗೆ ಬೀಳಬೇಕಾಗುತ್ತದೆ. ಲಾಂದ್ರದ ಎಣ್ಣೆಯಂತೂ ಸದಾ ಕಡಿಮೆ. ರಾಕ್ಷಸನನ್ನು ದಿಟ್ಟಿಸಿ ನೋಡಿದರೂ ಸ್ಥಿಮಿತ ಕೆಡುವುದರಿಂದ ಆಟಗಾರ ಮುಖ ತಿರುಗಿಸಿಕೊಂಡು ಗೋಡೆಯ ಮೂಲೆಯನ್ನೇ ನೋಡುತ್ತಾ ಕೂರುತ್ತಾನೆ, ಕಾಣದ್ದನ್ನೆಲ್ಲ ಅವನ ಕಲ್ಪನೆಯೇ ತುಂಬಿಕೊಳ್ಳುತ್ತದೆ. ಬಾಗಿಲುಗಳದ್ದು ಇನ್ನೊಂದು ಜಾಣತನ. ಇಲ್ಲಿ ಬಾಗಿಲು ತೆರೆಯಲು ಗುಂಡಿ ಒತ್ತಿದರೆ ಸಾಲದು, ಮೌಸ್‌ನಿಂದ ಹಿಡಿದು ಎಳೆಯಬೇಕು ಅಥವಾ ತಳ್ಳಬೇಕು. ಬೆನ್ನ ಹಿಂದೆ ಗೊರಗೊರ ಸದ್ದು ಕೇಳುತ್ತಿರುವಾಗ ಎಳೆಯಬೇಕಾದ ಬಾಗಿಲನ್ನು ಕೈ ತಾನಾಗಿ ತಳ್ಳುತ್ತದೆ. ನೀರು ತುಂಬಿದ ನೆಲಮಾಳಿಗೆಯ ಜೀವಿಗಂತೂ ಆಕಾರವೇ ಇಲ್ಲ, ನೀರಿನ ಮೇಲೆ ಏಳುವ ಹೆಜ್ಜೆಗಳಷ್ಟೇ ಅದರ ಗುರುತು. ಪೆಟ್ಟಿಗೆಯಿಂದ ಪೆಟ್ಟಿಗೆಗೆ ಹಾರುತ್ತಾ ಅದರಿಂದ ತಪ್ಪಿಸಿಕೊಳ್ಳುವ ಆ ಭಾಗಕ್ಕೆ ಔಟ್‌ಲಾಸ್ಟ್‌ನಲ್ಲಿ ಸರಿಸಾಟಿಯಾದದ್ದು ನನಗೆ ಸಿಗಲಿಲ್ಲ. ಕೊರತೆಯೆಂದರೆ, ಸ್ಥಿಮಿತ ಕೆಟ್ಟರೂ ಅಂಥ ದೊಡ್ಡ ನಷ್ಟವೇನೂ ಆಗದೆಂದು ಅರ್ಧ ಆಟದ ಹೊತ್ತಿಗೆ ತಿಳಿದುಹೋಗುತ್ತದೆ.

ಕ್ರಿಯೇಟಿವ್ ಅಸೆಂಬ್ಲಿಯ ಏಲಿಯನ್: ಐಸೊಲೇಷನ್ (2014) ನನ್ನ ಪಟ್ಟಿಯಲ್ಲಿ ಮೊದಲನೆಯದು, ಏಕೆಂದರೆ ಅಲ್ಲಿ ಬಾಯಿಪಾಠಕ್ಕೆ ಅವಕಾಶವೇ ಇಲ್ಲ. ಆಟಗಾರನನ್ನು ಬೇಟೆಯಾಡುವ ಅನ್ಯಗ್ರಹ ಜೀವಿಯಾದ ಏಲಿಯನ್‌ನ ಓಡಾಟವನ್ನು ಆಟದ ಪ್ರೋಗ್ರಾಂ ಎರಡು ಹಂತಗಳಲ್ಲಿ ನಡೆಸುತ್ತದೆ. ಮೇಲಿನ ಹಂತಕ್ಕೆ ಆಟಗಾರ ಎಲ್ಲಿದ್ದಾನೆಂದು ಯಾವಾಗಲೂ ಗೊತ್ತು, ಆದರೆ ಅದು ಏಲಿಯನ್‌ಗೆ ಸುಮಾರಾದ ಸುಳಿವನ್ನಷ್ಟೇ ಕೊಡುತ್ತದೆ. ಉಳಿದದ್ದನ್ನು ಏಲಿಯನ್ ಕಣ್ಣು, ಕಿವಿಗಳಿಂದಲೇ ಹುಡುಕಿಕೊಳ್ಳಬೇಕು. ಹಾಗಾಗಿ ಅದು ಹತ್ತಿರವೇ ಸುಳಿದಾಡುತ್ತಿರುತ್ತದೆ, ಆದರೆ ಒಂದೇ ದಾರಿ ಹಿಡಿಯುವುದಿಲ್ಲ. ಸತ್ತು ಅದೇ ಕೋಣೆಗೆ ಮರಳಿದರೆ ಅದು ಈ ಬಾರಿ ಬೇರೆ ಕಿಂಡಿಯಿಂದ ಇಳಿಯುತ್ತದೆ.

ಆಟಗಾರನಿಗೆ ಕೊಟ್ಟಿರುವ ಸಾಧನಗಳೂ ಅರೆಬರೆ ನೆರವಾಗುವಂಥವೇ. ಚಲನೆಯನ್ನು ತೋರಿಸುವ ಟ್ರ್ಯಾಕರನ್ನು ಕೈಯಲ್ಲಿ ಎತ್ತಿ ಹಿಡಿದರೆ ಮುಂದಿನ ದೃಶ್ಯ ಮಬ್ಬಾಗುತ್ತದೆ, ದೃಶ್ಯಕ್ಕೆ ಕಣ್ಣು ನೆಟ್ಟರೆ ಟ್ರ್ಯಾಕರಿನ ಪರದೆ ಮಬ್ಬಾಗುತ್ತದೆ. ಸಾಲದ್ದಕ್ಕೆ, ಏಲಿಯನ್ ಹತ್ತಿರವಿದ್ದರೆ ಟ್ರ್ಯಾಕರಿನ ಸದ್ದೇ ಆಟಗಾರನನ್ನು ಹಿಡಿದುಕೊಡುತ್ತದೆ. ಸೇವ್ ಮಾಡುವುದೂ ಸುರಕ್ಷಿತವಲ್ಲ: ಗೋಡೆಯ ಯಂತ್ರಕ್ಕೆ ಕಾರ್ಡ್ ತೂರಿಸಿ ಅದರ ದೀಪಗಳು ಒಂದೊಂದಾಗಿ ಹೊತ್ತಿಕೊಳ್ಳುವವರೆಗೆ ಕಾಯಬೇಕು, ಅಷ್ಟು ಹೊತ್ತೂ ಆಟ ನಿಲ್ಲುವುದಿಲ್ಲ. ಮುಕ್ಕಾಲು ಗಂಟೆಯ ಶ್ರಮ ಆ ಕೆಲವು ಸೆಕೆಂಡುಗಳ ಮೇಲೆ ನಿಂತಿರುವಾಗ ಹುಟ್ಟುವ ಹೆದರಿಕೆಗೆ ರಕ್ತವೂ ಬೇಡ, ವಿಕಾರ ಮುಖವೂ ಬೇಡ. ಈ ಆಟದ ದೋಷ ಅದರ ಉದ್ದ. ನಡುವೆ ಏಲಿಯನ್ ಮರೆಯಾಗಿ ಆಂಡ್ರಾಯ್ಡ್‌ಗಳೊಂದಿಗೆ (ಮನುಷ್ಯರೂಪದ ರೋಬಾಟ್‌ಗಳೊಂದಿಗೆ) ಗುದ್ದಾಡುವ ಭಾಗವನ್ನು ಅರ್ಧಕ್ಕಿಳಿಸಿದ್ದರೂ ನಷ್ಟವಿರಲಿಲ್ಲ.

ಆಯುಧ ಕೈಗೆ ಬಂದೊಡನೆ ಭಯ ಹೋಗುತ್ತದೆಂದು ವಾದಿಸುವವರು 2019ರ ರೆಸಿಡೆಂಟ್ ಈವಿಲ್ 2 ಆಡಿ ನೋಡಬೇಕು. ಅಲ್ಲಿ ಬೆನ್ನುಬಿಡದೆ ಅಟ್ಟಿಸಿಕೊಂಡು ಬರುವ ದೈತ್ಯ ಮಿಸ್ಟರ್ ಎಕ್ಸ್‌ಗೆ ಗುಂಡು ಹೊಡೆಯಬಹುದು, ಆದರೆ ಅವನು ತುಸು ಹೊತ್ತು ಮಂಡಿಯೂರಿ ಮತ್ತೆ ಏಳುತ್ತಾನೆ, ಖರ್ಚಾದ ಗುಂಡುಗಳು ಮಾತ್ರ ಮರಳಿ ಬರುವುದಿಲ್ಲ. ಪೊಲೀಸ್ ಠಾಣೆಯ ಗೋಡೆಯಾಚೆ ಅವನ ಬೂಟಿನ ಸದ್ದು ಕೇಳಿದಾಗ ಅವನು ಮೇಲಿನ ಮಹಡಿಯಲ್ಲಿದ್ದಾನೋ ಪಕ್ಕದ ಕೋಣೆಯಲ್ಲಿದ್ದಾನೋ ಎಂದು ಲೆಕ್ಕ ಹಾಕುತ್ತಾ ನಿಂತದ್ದುಂಟು. ಔಟ್‌ಲಾಸ್ಟ್‌ನಲ್ಲಿ ಬರಿಗೈಯಲ್ಲಿ ಓಡಿದ್ದಕ್ಕಿಂತ ತುಂಬಿದ ಪಿಸ್ತೂಲು ಹಿಡಿದು ಹಾಗೆ ನಿಂತದ್ದೇ ನನಗೆ ಕಷ್ಟವಾಯಿತು.