ಹಳೇ ಟ್ರಾವೆಲರ್‌ಗೆ ಗುಜರಿ ಇಂಜಿನ್ ಹಾಕ್ಸೋಕೆ ಹೊರಟಿರೋರು ಒಂದ್ಸಲ ಓದಿ, ನಾನು ಮೋಸ ಹೋದೆ

ಇದನ್ನ ಬರೀಬೇಕೋ ಬೇಡ್ವೋ ಅಂತ ಮೂರು ವಾರ ಸುಮ್ನಿದ್ದೆ, ನಾಚ್ಕೆ ಆಗುತ್ತೆ. ಆದ್ರೆ ಮೊನ್ನೆ ಪರಿಚಯದೋರೊಬ್ರು ಫೋನ್ ಮಾಡಿ, ನಾನು ಇಂಜಿನ್ ತಗೊಂಡು ಮೋಸ ಹೋದ ಅದೇ ಗುಜರಿ ಯಾರ್ಡಲ್ಲಿ ಇಂಜಿನ್ ನೋಡ್ಕೊಂಡ್ ಬಂದೆ, 90 ಸಾವಿರ ಕಿಲೋಮೀಟರ್ ಓಡಿರೋದಂತೆ ಅಂದ್ರು. ನಂಗೂ ಅದೇ 90 ಸಾವಿರ ಹೇಳಿದ್ದು. ಅದಕ್ಕೇ ಬರೀತಿದೀನಿ.

ನಂದು 2008ರ ಟೆಂಪೋ ಟ್ರಾವೆಲರ್. ಸೀಟ್ ತೆಗ್ಸಿ ಮಂಚ, ಸ್ಟವ್, ನೀರಿನ ಟ್ಯಾಂಕ್ ಹಾಕ್ಸಿ, ಆರ್‌ಸಿಲೂ ಕ್ಯಾರವಾನ್ ಅಂತ ಮಾಡ್ಸಿದೀನಿ. ಅಮ್ಮಂಗೆ ಸೊಂಟ ನೋವು, ಬಸ್ಸಲ್ಲಿ ಕೂರಕ್ಕಾಗಲ್ಲ, ಮಲ್ಕೊಂಡು ಬರ್ಲಿ ಅಂತ ಮಾಡ್ಸಿದ್ದು. ಸುಬ್ರಹ್ಮಣ್ಯದಿಂದ ಹಾಸನಕ್ಕೆ ವಾಪಸ್ ಬರ್ತಾ ಶಿರಾಡಿ ಘಾಟಲ್ಲಿ, ಗುಂಡ್ಯ ಬಿಟ್ಟು ಏರು ಹತ್ತುವಾಗ ರೇಡಿಯೇಟರ್ ಹೋಸ್ ಒಡೀತು, ಹಿಂದೆ ಲಾರಿ ಸಾಲು, ನಿಲ್ಸೋಕೆ ಜಾಗ ಇಲ್ಲ, ಇನ್ನೊಂಚೂರು ಇನ್ನೊಂಚೂರು ಅಂತ ಓಡ್ಸಿಬಿಟ್ಟೆ. ಮಾರನಹಳ್ಳಿ ಮುಟ್ಟೋದ್ರೊಳಗೆ ಇಂಜಿನ್ ಸೀಜ್. ಹೆಡ್ ಕ್ರ್ಯಾಕ್, ಎರಡು ಪಿಸ್ಟನ್ ಹಿಡ್ಕೊಂಡಿತ್ತು.

ಈಗ ಏನ್ ಮಾಡೋದು ಅಂತ ವಿಚಾರ್ಸಿದೆ. ಊರಿನ ಲೇತಿನೋರು (ಇಂಜಿನ್ ಬಿಚ್ಚಿ ಕಟ್ಟೋರು) ನಿಮ್ ಬ್ಲಾಕೇ, ಅಂದ್ರೆ ನಂಬರ್ ಇರೋ ಇಂಜಿನ್ ಮೈಯೇ, ಇಟ್ಕೊಂಡು ಲೈನರ್ (ಪಿಸ್ಟನ್ ಓಡಾಡೋ ಕೊಳವೆ), ಪಿಸ್ಟನ್, ರಿಂಗ್ ಹೊಸದು ಹಾಕಿ ಕ್ರ್ಯಾಂಕ್ ಗ್ರೈಂಡ್ ಮಾಡಿ ಬೇರೆ ಹೆಡ್ ಕೂರ್ಸಿ ಕೊಡ್ತೀವಿ, 1 ಲಕ್ಷ 30 ಸಾವಿರ, ಒಂದು ತಿಂಗಳು ಬೇಕು ಅಂದ್ರು. ಹೊಸಾ ಹಾಫ್ ಇಂಜಿನ್ (ಹೆಡ್ ಬಿಟ್ಟು ಮಿಕ್ಕ ಇಂಜಿನ್) ತರ್ಸಿದ್ರೆ 2 ಲಕ್ಷದ ಮೇಲೆ, ಅದು ನಮ್ ಕೈಲಾಗದ ಮಾತು. ಇನ್ನೊಬ್ಬ ಮೆಕ್ಯಾನಿಕ್ ಈಗಿನ ಕಾಮನ್ ರೈಲ್ (ಕಂಪ್ಯೂಟರ್ ಡೀಸೆಲ್ ಬಿಡೋ) ಇಂಜಿನ್ ಕೂರ್ಸೋಣ ಪವರ್ ಚೆನ್ನಾಗಿರತ್ತೆ ಅಂದ, ಅದಕ್ಕೆ ಇಸಿಯು ಅನ್ನೋ ಆ ಕಂಪ್ಯೂಟರ್, ವೈರಿಂಗ್, ಸೆನ್ಸರ್ ಎಲ್ಲಾ ಬದಲಾಗ್ಬೇಕು, ಆರ್‌ಟಿಓ ಅಂತೂ ಒಪ್ಪಲ್ಲ, ಬೇಡ ಅಂದೆ. ನಮ್ ಗಾಡಿದು ಮರ್ಸಿಡಿಸ್ ಒಎಂ 616 ವಂಶದ ಇಂಜಿನ್, ಹಿಂದೆ ಮೆಟಡೋರ್‌ಗೂ ಅದೇ ಇತ್ತು, ಮೆಕ್ಯಾನಿಕಲ್ ಪಂಪು, ಯಾವ ಊರಲ್ಲಾದ್ರೂ ಬಿಚ್ಚಿ ರಿಪೇರಿ ಮಾಡ್ತಾರೆ. ಇಷ್ಟೆಲ್ಲಾ ಗೊತ್ತಿದ್ದೂ ನಾನು ಹೋಗಿದ್ದೆಲ್ಲಿಗೆ? ಬೆಂಗಳೂರು ಹೊರಗಡೆ ಒಂದು ಗುಜರಿ ಯಾರ್ಡಿಗೆ. ಇಂಜಿನ್‌ಗೆ 85 ಸಾವಿರ, ನಾಲ್ಕೇ ದಿನದಲ್ಲಿ ಗಾಡಿ ರೆಡಿ ಅಂದ್ರಲ್ಲ.

"ಬನ್ನಿ ಅಣ್ಣ, ಟೀ ಕುಡೀರಿ, ಆಕ್ಸಿಡೆಂಟ್ ಗಾಡಿದು, ಹಿಂದ್ಗಡೆ ಹೊಡ್ತ ಬಿದ್ದಿದ್ದು, ಇಂಜಿನ್ ಮುಟ್ಟೇ ಇಲ್ಲ" ಅಂತ ಯಾರ್ಡಿನವನು ಮೀಟರ್ ಫೋಟೋ ಫೋನಲ್ಲಿ ತೋರ್ಸಿದ. ಮರದ ಹಲಗೆ ಮೇಲೆ ಇಂಜಿನ್, ಮೈ ತುಂಬಾ ಹೊಸಾ ಸಿಲ್ವರ್ ಪೇಂಟ್, ಪಕ್ಕದಲ್ಲಿ ಬ್ಯಾಟರಿ, ಬಾಟ್ಲಲ್ಲಿ ಡೀಸೆಲ್. ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಯ್ತು. ಹೊಗೆ ಇಲ್ಲ. ಅದಕ್ಕೆ ಮುಂಚೆ ನಾನು ಬ್ಲಾಕ್ ಮೇಲೆ ಕೈ ಇಟ್ಟಿದ್ದೆ, ಬೆಚ್ಚಗಿತ್ತು. ಕೇಳ್ದೆ ಕೂಡ. "ಬೆಳಿಗ್ಗೆ ಇನ್ನೊಬ್ರು ನೋಡ್ಕೊಂಡ್ ಹೋದ್ರು ಅಣ್ಣ, ಅಡ್ವಾನ್ಸ್ ತರಕ್ಕೆ ಹೋಗಿದಾರೆ" ಅಂದ. ಅಲ್ಲೇ ಬಿದ್ದೆ ನಾನು. ಸವೆದಿರೋ ಡೀಸೆಲ್ ಇಂಜಿನ್ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದ್ರೇ ಅದರ ಬಂಡವಾಳ ಗೊತ್ತಾಗೋದು, ಬಿಸಿ ಮಾಡಿಟ್ಟಿದ್ರೆ ಸುಲಭವಾಗಿ ಹತ್ಕೊಳುತ್ತೆ, ದಪ್ಪ ಆಯಿಲ್ ಹಾಕಿದ್ರೆ ಹೊಗೆಯೂ ಸ್ವಲ್ಪ ಹೊತ್ತು ಕಾಣಲ್ಲ. ಕೈಗೆ ಬಿಸಿ ತಾಗಿದ್ರೂ ನಾನು ನಾಳೆ ಬರ್ತೀನಿ ಅಂತ ಎದ್ದು ಬರ್ಲಿಲ್ಲ. ಆ ಇನ್ನೊಬ್ರು ತಗೊಂಡ್ ಹೋಗ್ತಾರೇನೋ ಅಂತ ಅವಸರ ಆಯ್ತು.

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. "ಹಳೇ ಇಂಜಿನ್ ಇಲ್ಲೇ ಬಿಡಿ ಅಣ್ಣ, 15 ಸಾವಿರ ಕಮ್ಮಿ ಮಾಡ್ತೀನಿ" ಅಂದ. ಬಿಟ್ಟೆ. ನನ್ ಗಾಡಿ ನಂಬರ್ ಇರೋ ನನ್ ಬ್ಲಾಕು, 15 ಸಾವಿರಕ್ಕೆ ಬಿಟ್ಟೆ.

ಅರ್ಧ ದುಡ್ಡು ಫೋನ್‌ಪೇ, ಅರ್ಧ ಕ್ಯಾಶ್. ಆರು ತಿಂಗಳು ವಾರಂಟಿ ಅಂತ ಬಾಯಲ್ಲಿ ಹೇಳಿದ್ದು. ಬಿಲ್ ಮಡಚಿ ನನ್ ಜೇಬಿಗೆ ಇಟ್ಟ, ನಾನು ಮನೇಲಿ ನೋಡ್ದೆ. "ಹಳೇ ಕಬ್ಬಿಣದ ಸಾಮಾನು, ವಾಪಸ್ ತಗೊಳಲ್ಲ." ಇಂಜಿನ್ ಅನ್ನೋ ಪದಾನೇ ಇಲ್ಲ, ನಂಬರೂ ಇಲ್ಲ.

600 ಕಿಲೋಮೀಟರಿಗೆ ಎರಡು ಲೀಟರ್ ಆಯಿಲ್ ಕುಡೀತು. ಬೆಳಿಗ್ಗೆ ಸ್ಟಾರ್ಟ್ ಮಾಡಿದ್ರೆ ಬೀದಿ ತುಂಬಾ ನೀಲಿ ಹೊಗೆ, ಪಕ್ಕದ ಮನೆಯೋರು ಬಾಗ್ಲು ಹಾಕ್ಕೋತಿದ್ರು. ಆಯಿಲ್ ಹಾಕೋ ಮುಚ್ಚಳ ತೆಗೆದ್ರೆ ಬುಸ್ ಬುಸ್ ಅಂತ ಗಾಳಿ. ಫೋನ್ ಮಾಡ್ದೆ. "ಹೊಸ ಜಾಗ ಸಾರ್, ಸೆಟ್ ಆಗ್ಬೇಕು, ಸಾವಿರ ಕಿಲೋಮೀಟರ್ ಓಡ್ಸಿ." ಅಣ್ಣ ಹೋಗಿ ಸಾರ್ ಆಗಿತ್ತು. ಓಡ್ಸಿ ಮತ್ತೆ ಫೋನ್ ಮಾಡಿದ್ರೆ "ವಾರಂಟಿ ಬ್ಲಾಕಿಗೆ ಸಾರ್, ರಿಂಗ್‌ಗೆಲ್ಲಾ ಯಾರ್ ಕೊಡ್ತಾರೆ." ಆಮೇಲೆ "ನೀವ್ ಓವರ್‌ಹೀಟ್ ಮಾಡಿದೀರ, ಹಳೇದನ್ನೂ ಹಂಗೇ ಸುಟ್ಟಿದ್ದಲ್ವಾ" ಅಂದ. ನಾನೇ ನಂಬಿ ಹೇಳ್ಕೊಂಡಿದ್ದ ವಿಷಯ ಅದು, ನನ್ ಮೇಲೇ ತಿರುಗ್ಸಿದ. ಕೊನೇ ಸಲ "ಏನ್ರೀ ನಿಮ್ದು, ಬಿಲ್ ಓದಿ" ಅಂತ ಇಟ್ಬಿಟ್ಟ. ಆಮೇಲೆ ಮೆಸೇಜ್‌ಗೆ ಬರೀ ನೀಲಿ ಟಿಕ್.

ಲೇತಲ್ಲಿ ಬಿಚ್ಚಿಸ್ದೆ. ಹಳೇ ಸವೆದ ಲೈನರ್ ಒಳಗೆ ಅಗ್ಗದ ಹೊಸಾ ರಿಂಗ್ ತುರುಕಿದಾರೆ, ಸಂಪ್‌ನ (ಇಂಜಿನ್ ತಳದ ಆಯಿಲ್ ತಟ್ಟೆಯ) ಜರಡಿಗೆ ಸಿಲಿಕಾನ್ ಗಮ್ ಚೂರು ಮೆತ್ಕೊಂಡಿದೆ. ಮೊದಲೇ ನನ್ ಬ್ಲಾಕ್ ಕಟ್ಕೊಡ್ತೀನಿ ಅಂದಿದ್ರಲ್ಲ, ಅವ್ರೇ ಬಿಚ್ಚಿದ್ದು. ಒಂದು ಮಾತೂ ಆಡ್ಲಿಲ್ಲ ಪಾಪ, ಅದೇ ಜಾಸ್ತಿ ಚುಚ್ಚಿತು.

ಇನ್ನು ಆರ್‌ಟಿಓ. ಮೋಟಾರು ವಾಹನ ಕಾಯ್ದೆ 52ನೇ ಸೆಕ್ಷನ್ ಪ್ರಕಾರ ಇಂಜಿನ್ ಬದಲಾದ್ರೆ 14 ದಿನದೊಳಗೆ ತಿಳಿಸಿ ಆರ್‌ಸಿಲಿ ಬರೆಸ್ಬೇಕು. ಆರ್‌ಟಿಓದೋರು ಇಂಜಿನ್ ನಂಬರ್ ಮೇಲೆ ಪೇಪರ್ ಇಟ್ಟು ಪೆನ್ಸಿಲ್ ಉಜ್ಜಿದ್ರೆ ಅಕ್ಷರ ಒಂದು ಮೇಲೆ ಒಂದು ಕೆಳಗೆ, ಜಾಗ ಗ್ರೈಂಡ್ ಮಾಡಿ ಮತ್ತೆ ಪಂಚ್ ಹೊಡ್ದಿದಾರೆ. "ಇದು ಯಾವ ಗಾಡಿದು, ಅದರ ಪೇಪರ್ ತನ್ನಿ" ಅಂದ್ರು. ಎಲ್ಲಿಂದ ತರ್ಲಿ. ಕಳ್ಳಮಾಲೇ ಆಗಿದ್ರೆ ಸ್ಟೇಷನ್ ಮೆಟ್ಲು ಹತ್ತೋನು ನಾನು, ಅವನಲ್ಲ. ನನ್ ಹಳೇ ಬ್ಲಾಕ್ ಆದ್ರೂ ಕೊಡಪ್ಪ ಅಂತ ಯಾರ್ಡಿಗೆ ಹೋಗಿ ನಿಂತೆ, ಅವನು ಒಳಗಿಂದ ಎದ್ದೂ ಬರ್ಲಿಲ್ಲ, ಹುಡುಗನ ಕೈಲಿ ಹೇಳಿ ಕಳ್ಸಿದ, ಅದು ಕರಗ್ಸಕ್ಕೆ ಹೋಯ್ತಂತೆ.

ದಯವಿಟ್ಟು ನಿಮ್ ಬ್ಲಾಕ್ ಬಿಟ್ಟುಕೊಡ್ಬೇಡಿ. ಅದನ್ನೇ ಕಟ್ಸಿದ್ರೆ ನಂಬರ್ ನಿಮ್ದೇ ಇರುತ್ತೆ, ಆರ್‌ಟಿಓ ಓಡಾಟಾನೇ ಇಲ್ಲ, ದುಡ್ಡು ಜಾಸ್ತಿ ಆಗ್ಲಿ, ತಿಂಗಳು ಜಾಸ್ತಿ ಆಗ್ಲಿ. ಬ್ಲಾಕೇ ಒಡೆದು ಬೇರೆ ದಾರಿ ಇಲ್ಲ ಅಂದ್ರೆ ಹೇಳ್ದೆ ಕೇಳ್ದೆ ಬೆಳಿಗ್ಗೆನೇ ಹೋಗಿ ತಣ್ಣಗಿರುವಾಗ ಸ್ಟಾರ್ಟ್ ಮಾಡ್ಸಿ, ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ನೋಡ್ಸಿ, ಅದು ಬಂದ ಗಾಡಿ ಪೇಪರ್ ಕೇಳಿ, ಬಿಲ್ಲಲ್ಲಿ ಇಂಜಿನ್ ನಂಬರ್ ಬರೆಸದೆ ಒಂದು ರೂಪಾಯಿ ಕೊಡ್ಬೇಡಿ. ಪೇಂಟ್ ಹೊಡೆದಿರೋದು ಮುಟ್ಲೇಬೇಡಿ.

ಇಂಜಿನ್‌ಗೆ 70, ಕೂರ್ಸಿದ್ದಕ್ಕೆ 22, ಎಲ್ಲಾ ಹೋಯ್ತು. ಗಾಡಿ ತೆಂಗಿನ ಮರದ ಕೆಳಗೆ ಟಾರ್ಪಾಲ್ ಹೊದ್ದು ನಿಂತಿದೆ. ಅಮ್ಮ ಎರಡು ಸಲ ಕೇಳಿದ್ರು, ಷಷ್ಠಿಗೆ ಹೋಗಕ್ಕಾಗುತ್ತಾ ಅಂತ. ಇನ್ನೂ ಏನೂ ಹೇಳಿಲ್ಲ. ಗ್ರಾಹಕರ ಆಯೋಗಕ್ಕೆ ಅರ್ಜಿ ಬರೀತಿದೀನಿ, ಆ ಬಿಲ್ಲು ಫೋನ್‌ಪೇ ಸ್ಕ್ರೀನ್‌ಶಾಟು ಎರಡೇ ಇರೋದು, ಇಂಥ ಕೇಸ್ ನಡೆಸಿರೋ ವಕೀಲರು ಹಾಸನದಲ್ಲಿ ಯಾರಾದ್ರೂ ಗೊತ್ತಿದ್ರೆ ತಿಳ್ಸಿ.